ಕೊಳವೆಯ ಎರಡು ತುದಿ: ಮಲೆನಾಡಿನಿಂದ ಮಹಾನಗರಕ್ಕೆ ಹೋದವರ ಬವಣೆ

(ಉಪನ್ಯಾಸದ ಲಿಖಿತ ರೂಪ)



‘ಕೆಟ್ಟು ಪಟ್ಟಣ ಸೇರು’ ಎಂಬುದು ಕನ್ನಡದ ಹಳೆಯ ಗಾದೆ. ಹಳ್ಳಿಯಲ್ಲಿ ಮನೆ-ಮಾರು ಕಳೆದುಕೊಂಡು ನಾಲ್ಕು ಜನರ ಮುಂದೆ ಮುಖ ತೋರಿಸಲಾಗದವನಿಗೆ ಪಟ್ಟಣವೇ ಗತಿ ಎಂದು ಭಾವಿಸಿದ್ದ ಕಾಲದ ಮಾತು ಅದು. ಇಂದು ಮಲೆನಾಡಿನ ಹಳ್ಳಿಗಳಿಂದ ಪಟ್ಟಣ ಸೇರುತ್ತಿರುವವರು ಕೆಟ್ಟವರಲ್ಲ. ಅವರು ಚೆನ್ನಾಗಿ ಓದಿದವರು, ಮನೆಯವರು ಸಾಲ ಮಾಡಿ ಓದಿಸಿದವರು, ಊರಿನ ಶಾಲೆಯಲ್ಲಿ ಬಹುಮಾನ ಪಡೆದವರು. ಗಾದೆಯ ಅರ್ಥ ತಲೆಕೆಳಗಾಗಿದೆ. ಗೆದ್ದವರು ಪಟ್ಟಣ ಸೇರುತ್ತಾರೆ, ಸೋತವರು ಊರಿನಲ್ಲಿ ಉಳಿಯುತ್ತಾರೆ ಎಂಬ ಭಾವನೆ ಮನೆಮನೆಯಲ್ಲೂ ಬೇರೂರಿದೆ. ಹಾಗೆ ಗೆದ್ದು ಹೋದವನು ಅಲ್ಲಿ ಪಡುವ ಪಾಡು ಎಂಥದು, ಅದಕ್ಕೂ ಈ ಬೆಟ್ಟಗಳಿಗೂ ಇರುವ ಸಂಬಂಧವೇನು ಎಂಬುದೇ ಇಂದಿನ ವಿಚಾರ.

ಸಾಗರ ಸೀಮೆಯ ಒಬ್ಬ ತರುಣನನ್ನು ಕಲ್ಪಿಸಿಕೊಳ್ಳೋಣ. ಅವನಿಗೆ ಹೆಸರು ಬೇಡ. ಪ್ರತಿಯೊಂದು ಊರಿನಲ್ಲೂ ಅವನಿಗೊಂದು ಹೆಸರಿದೆ. ಮನೆಯಲ್ಲಿ ಒಂದೂವರೆ ಎಕರೆ ಅಡಿಕೆ ತೋಟ, ಎರಡು ಹಸು, ವಯಸ್ಸಾಗುತ್ತಿರುವ ತಂದೆತಾಯಿ. ಪದವಿ ಮುಗಿಸಿದ ಮೇಲೆ ಬೆಂಗಳೂರಿನಲ್ಲಿ ಒಂದು ಕೆಲಸ ಸಿಕ್ಕಿದೆ. ತಾಯಿ ಕೊಟ್ಟ ಅಪ್ಪೆಮಿಡಿ ಉಪ್ಪಿನಕಾಯಿಯ ಭರಣಿಯನ್ನು ಬಟ್ಟೆಗಳ ನಡುವೆ ಭದ್ರವಾಗಿರಿಸಿಕೊಂಡು ಅವನು ರಾತ್ರಿಯ ಬಸ್ಸು ಹತ್ತುತ್ತಾನೆ.

ಕೆರೆಯಂಗಳದಲ್ಲಿ ಮೊದಲ ಹೆಜ್ಜೆ

ಬೆಳಗಿನ ಜಾವ ಅವನು ಇಳಿಯುವುದು ಮೆಜೆಸ್ಟಿಕ್ ಎಂದು ಜನ ಕರೆಯುವ ಕೆಂಪೇಗೌಡ ಬಸ್ ನಿಲ್ದಾಣದಲ್ಲಿ. ಆ ಸ್ಥಳ ಒಂದು ಕಾಲದಲ್ಲಿ ಧರ್ಮಾಂಬುಧಿ ಕೆರೆಯಾಗಿತ್ತು ಎಂಬುದು ಅವನಿಗೆ ತಿಳಿಯದು. ನೀರಿನ ನಾಡಿನಿಂದ ಬಂದವನು ನಗರದಲ್ಲಿ ಇಡುವ ಮೊದಲ ಹೆಜ್ಜೆಯೇ ಬತ್ತಿದ ಕೆರೆಯ ಅಂಗಳದ ಮೇಲೆ. ಅಲ್ಲಿಂದ ಸ್ವಲ್ಪ ದೂರದಲ್ಲಿರುವ ಕಂಠೀರವ ಕ್ರೀಡಾಂಗಣ ನಿಂತಿರುವುದೂ ಸಂಪಂಗಿ ಕೆರೆಯ ಜಾಗದಲ್ಲೇ.

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ದಿಣ್ಣೆಯ ಮೇಲಿರುವ ಊರು. ಅದರ ಬದಿಯಲ್ಲಿ ವರ್ಷವಿಡೀ ಹರಿಯುವ ದೊಡ್ಡ ನದಿಯಿಲ್ಲ. ದಿಣ್ಣೆಯ ಒಂದು ಮಗ್ಗುಲಿನಲ್ಲಿ ಬಿದ್ದ ಮಳೆ ದಕ್ಷಿಣ ಪಿನಾಕಿನಿಯತ್ತ ಹೋಗುತ್ತದೆ. ಇನ್ನೊಂದು ಮಗ್ಗುಲಿನದು ವೃಷಭಾವತಿ, ಅರ್ಕಾವತಿಗಳ ಮೂಲಕ ಕಾವೇರಿಯನ್ನು ಸೇರುತ್ತದೆ. ಇದನ್ನರಿತ ಹಿಂದಿನವರು ಹರಿದುಹೋಗುವ ನೀರಿಗೆ ಅಲ್ಲಲ್ಲಿ ಕಟ್ಟೆ ಕಟ್ಟಿ, ಒಂದು ಕೆರೆಯ ಕೋಡಿ ಮುಂದಿನ ಕೆರೆಗೆ ಇಳಿಯುವಂತೆ ಕಾಲುವೆಗಳನ್ನು ತೋಡಿ ಊರನ್ನು ಬದುಕಿಸಿದರು. 1951ರ ಜನಗಣತಿಯಲ್ಲಿ ಎಂಟು ಲಕ್ಷಕ್ಕೆ ಸಮೀಪವಿದ್ದ ನಗರದ ಜನಸಂಖ್ಯೆ 2001ರಲ್ಲಿ ಸುಮಾರು 57 ಲಕ್ಷಕ್ಕೂ 2011ರಲ್ಲಿ ಸುಮಾರು 85 ಲಕ್ಷಕ್ಕೂ ಏರಿತು. ಜನ ಹೆಚ್ಚಿದಂತೆ ಕೆರೆಗಳು ನಿವೇಶನಗಳಾದವು, ಕಾಲುವೆಗಳು ಚರಂಡಿಗಳಾದವು.

ತರುಣನಿಗೆ ಸಿಗುವುದು ಒಂದು ಪಿ.ಜಿ.ಯ ಮೂರನೆಯ ಮಹಡಿಯ ಕೋಣೆ. ನಾಲ್ಕು ಮಂಚ, ಒಂದು ಕಿಟಕಿ. ಕಿಟಕಿ ತೆರೆದರೆ ಕೈಚಾಚುವ ದೂರದಲ್ಲಿ ಪಕ್ಕದ ಕಟ್ಟಡದ ಗೋಡೆ. ಸ್ವಂತ ಬಾಡಿಗೆ ಮನೆ ಹಿಡಿಯೋಣವೆಂದರೆ ಹಲವು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಎಣಿಸಬೇಕು, ದಲ್ಲಾಳಿಗೂ ಕೊಡಬೇಕು. ಸ್ನಾನಕ್ಕೆ ಸರದಿ. ನಲ್ಲಿಯಲ್ಲಿ ಬರುವುದು ಆಳದ ಕೊಳವೆಬಾವಿಯ ಗಡಸು ನೀರು. ಸಾಬೂನು ನೊರೆ ಕೊಡದು, ಬಕೆಟ್ಟಿನ ಅಂಚಿನಲ್ಲಿ ಸುಣ್ಣದ ಬಿಳಿ ಪೊರೆ. ಕುಡಿಯಲು ಕ್ಯಾನಿನ ನೀರನ್ನು ಹಣ ಕೊಟ್ಟು ತರಿಸಬೇಕು. ಮನೆಯ ಹಿತ್ತಲಿನಲ್ಲಿ ಅಬ್ಬಿಯ ನೀರು ಅಡಿಕೆ ದಬ್ಬೆಯ ಮೇಲೆ ಹಗಲಿರುಳು ಹರಿದುಬರುವುದನ್ನು ಕಂಡು ಬೆಳೆದವನಿಗೆ, ನೀರಿಗೆ ಹಣ ಕೊಟ್ಟ ಆ ಮೊದಲ ದಿನ ಮರೆಯಲಾಗದ್ದು.

ಅನಂತರ ರಸ್ತೆ. ಒಂದು ಅಂತರರಾಷ್ಟ್ರೀಯ ಸಂಚಾರ ಸಮೀಕ್ಷೆಯ ಪ್ರಕಾರ 2022ರಲ್ಲಿ ಬೆಂಗಳೂರಿನ ಮಧ್ಯಭಾಗದಲ್ಲಿ 10 ಕಿ.ಮೀ. ಕ್ರಮಿಸಲು ವಾಹನಕ್ಕೆ ಸರಾಸರಿ 29 ನಿಮಿಷಗಳು ಬೇಕಾಗಿದ್ದವು. ಸಮೀಕ್ಷೆಗೊಳಗಾದ ಜಗತ್ತಿನ ನಗರಗಳ ಪೈಕಿ ಆ ವರ್ಷ ಅದಕ್ಕಿಂತ ನಿಧಾನವಾಗಿದ್ದುದು ಲಂಡನ್ ಒಂದೇ. ಇದು ಸರಾಸರಿ ಮಾತ್ರ. ಸಿಲ್ಕ್ ಬೋರ್ಡ್ ಕೂಡುರಸ್ತೆಯಲ್ಲೋ ಹೆಬ್ಬಾಳದಲ್ಲೋ ಸಂಜೆಯ ಹೊತ್ತು ಬಸ್ಸಿನ ಕಂಬ ಹಿಡಿದು ನಿಂತವನಿಗೆ ಸರಾಸರಿಯಿಂದ ಸಮಾಧಾನವಿಲ್ಲ. ಊರಿನಲ್ಲಿ ಎಂಟು ಕಿ.ಮೀ. ನಡೆದು ಶಾಲೆಗೆ ಹೋದ ಹುಡುಗ ದಣಿದಿರಲಿಲ್ಲ. ಇಲ್ಲಿ ನಿಂತಲ್ಲೇ ನಿಂತು ದಣಿಯುತ್ತಾನೆ. ದಿನಕ್ಕೆ ಮೂರು ಗಂಟೆ ರಸ್ತೆಯಲ್ಲಿ ಕಳೆದರೆ ವಾರಕ್ಕೆ ಆರು ದಿನದಂತೆ ವರ್ಷಕ್ಕೆ 900 ಗಂಟೆಗಳಿಗೂ ಮಿಕ್ಕುತ್ತದೆ. ಎಂಟು ಗಂಟೆಯ ದುಡಿಮೆಯ ಲೆಕ್ಕದಲ್ಲಿ ನೂರಕ್ಕೂ ಹೆಚ್ಚು ದಿನಗಳ ಕೂಲಿಯಿಲ್ಲದ ದುಡಿಮೆ ಅದು.

ಮಳೆಯೂ ಅವನನ್ನು ಬೆರಗುಗೊಳಿಸುತ್ತದೆ. ಮಲೆನಾಡಿನಲ್ಲಿ ವಾರಗಟ್ಟಲೆ ಹೊಯ್ಯುವ ಮಳೆಗೆ ಬೆಟ್ಟ, ಗದ್ದೆ, ಹಳ್ಳಗಳೆಲ್ಲ ದಾರಿ ಬಿಡುತ್ತವೆ. ಇಲ್ಲಿ ಒಂದು ಸಂಜೆಯ ಮಳೆಗೆ ರಸ್ತೆ ಹೊಳೆಯಾಗುತ್ತದೆ. 2022ರ ಸೆಪ್ಟೆಂಬರ್ ಮೊದಲ ವಾರದಲ್ಲಿ ಹೊರವರ್ತುಲ ರಸ್ತೆಯ ಆಸುಪಾಸಿನ ಬಡಾವಣೆಗಳು ಜಲಾವೃತವಾಗಿ, ಲಕ್ಷಾಂತರ ರೂಪಾಯಿಯ ಕಾರುಗಳಿದ್ದವರು ಟ್ರ್ಯಾಕ್ಟರ್ ಏರಿ ಹೊರಬಂದರು. ರಾಜಕಾಲುವೆಯ ದಾರಿಯಲ್ಲಿ ಮನೆ ಕಟ್ಟಿದರೆ ನೀರು ಮನೆಯ ದಾರಿ ಹಿಡಿಯುತ್ತದೆ. ಗದ್ದೆಯ ಬದು ಕಟ್ಟಿದ ಯಾವ ರೈತನಿಗೂ ಇದು ಗೊತ್ತು.

ಇವೆಲ್ಲಕ್ಕಿಂತ ಒಳಗೊಳಗೇ ಕೊರೆಯುವುದು ಒಂಟಿತನ. ಗೋಡೆಯಾಚೆಯ ಕೆಮ್ಮು ಕೇಳಿಸುತ್ತದೆ, ಕೆಮ್ಮುವವರ ಹೆಸರು ಗೊತ್ತಿರುವುದಿಲ್ಲ. ಜ್ವರ ಬಂದು ಮಲಗಿದರೆ ಕಷಾಯ ಕೊಡುವವರಿಲ್ಲ. ಹಬ್ಬದ ದಿನ ಕ್ಯಾಂಟೀನಿನ ಅನ್ನಕ್ಕೆ ಭರಣಿಯ ಉಪ್ಪಿನಕಾಯಿಯೊಂದೇ ನೆಂಟ.

ಆದರೆ ನ್ಯಾಯವಾಗಿ ನೋಡಬೇಕು. ಅದೇ ನಗರ ಅವನಿಗೆ ತಿಂಗಳ ಮೊದಲ ವಾರದಲ್ಲಿ ಸಂಬಳ ಕೊಡುತ್ತದೆ; ಕೊಳೆ ರೋಗ ಬಂದ ವರ್ಷ ಸಾಲದ ಕಂತು ತುಂಬುವುದು ಆ ಸಂಬಳವೇ. ಜಾತಿ ಕೇಳದೆ ಪಕ್ಕದಲ್ಲಿ ಕೂರಿಸಿಕೊಳ್ಳುವ ಗೆಳೆಯರನ್ನು ಅದು ಕೊಟ್ಟಿದೆ. ಅದೇ ಊರಿನಿಂದ ಹೋದ ಹುಡುಗಿಗೆ ತನ್ನ ದುಡಿಮೆಯ ಹಣವನ್ನು ತಾನೇ ಎಣಿಸುವ ಸ್ವಾತಂತ್ರ್ಯ ಕೊಟ್ಟಿದೆ. ತಂದೆಗೆ ಎದೆನೋವು ಬಂದಾಗ ಕೊನೆಗೆ ಕರೆದೊಯ್ಯುವುದೂ ಅಲ್ಲಿಗೇ. ಆದ್ದರಿಂದ ಮಹಾನಗರವನ್ನು ಬೈದು ಹಳ್ಳಿಯನ್ನು ಹೊಗಳಿದರೆ ಈ ವಿಚಾರ ಮುಗಿಯುವುದಿಲ್ಲ. ಅವನ ಬಕೆಟ್ಟಿನ ನೀರು ಎಲ್ಲಿಂದ ಬಂತು ಎಂದು ಹಿಂಬಾಲಿಸಿಕೊಂಡು ಹೋಗಬೇಕು.

ಒಂದು ಬಕೆಟ್ ನೀರಿನ ಲೆಕ್ಕ

ಬೆಂಗಳೂರಿಗೆ ಕೊಳವೆ ನೀರು ಮೊದಲು ಬಂದದ್ದು 1896ರಲ್ಲಿ, ಸುಮಾರು 20 ಕಿ.ಮೀ. ದೂರದ ಹೆಸರಘಟ್ಟ ಕೆರೆಯಿಂದ. ಅದು ಸಾಲದೆ 1933ರಲ್ಲಿ ಸುಮಾರು 30 ಕಿ.ಮೀ. ದೂರದ ತಿಪ್ಪಗೊಂಡನಹಳ್ಳಿ ಜಲಾಶಯ. ಅದೂ ಸಾಲದೆ 1974ರಲ್ಲಿ ಸುಮಾರು 100 ಕಿ.ಮೀ. ದೂರದಿಂದ ಕಾವೇರಿ. ಪ್ರತಿಯೊಂದು ಸಲವೂ ನೀರಿನ ಕೊರತೆ ಇನ್ನು ತೀರಿತೆಂದು ಜನ ನಂಬಿದರು. ಪ್ರತಿಯೊಂದು ಸಲವೂ ನಗರ ಹೊಸ ನೀರಿನ ಅಳತೆಗೆ ಬೆಳೆದು ಮತ್ತೆ ಬಾಯಾರಿತು. ಹಿಂದಿನ ಮೂಲದ ಜಲಾನಯನ ಪ್ರದೇಶವಾದ ಅರ್ಕಾವತಿಯ ಕಣಿವೆಯನ್ನು ಈ ನಡುವೆ ಕೈಬಿಡಲಾಯಿತು.

ಕಾವೇರಿಯ ನೀರನ್ನು ತೊರೆಕಾಡನಹಳ್ಳಿಯಿಂದ ಹಂತಹಂತವಾಗಿ ಸುಮಾರು 500 ಮೀಟರ್ ಮೇಲಕ್ಕೆತ್ತಬೇಕು. 2024ರ ಅಕ್ಟೋಬರಿನಲ್ಲಿ ಐದನೆಯ ಹಂತ ಉದ್ಘಾಟನೆಗೊಂಡ ಮೇಲೆ ಯೋಜನೆಯ ಒಟ್ಟು ಸಾಮರ್ಥ್ಯ ದಿನಕ್ಕೆ ಸುಮಾರು 222 ಕೋಟಿ ಲೀಟರ್. ಒಂದು ಸಾವಿರ ಲೀಟರ್ ನೀರನ್ನು 500 ಮೀಟರ್ ಎತ್ತಲು ಎಷ್ಟು ಶಕ್ತಿ ಬೇಕೆಂಬುದನ್ನು ಪ್ರೌಢಶಾಲೆಯ ಭೌತಶಾಸ್ತ್ರದಿಂದಲೇ ಲೆಕ್ಕ ಹಾಕಬಹುದು. ಪಂಪಿನ, ಕೊಳವೆಯ ನಷ್ಟಗಳನ್ನು ಬಿಟ್ಟರೂ 1.36 ಯೂನಿಟ್ ವಿದ್ಯುತ್ ಬೇಕು. ಪೂರ್ಣ ಸಾಮರ್ಥ್ಯದಲ್ಲಿ ದಿನಕ್ಕೆ 30 ಲಕ್ಷ ಯೂನಿಟ್. ವಾಸ್ತವದ ಬಳಕೆ ಇದಕ್ಕಿಂತ ಹೆಚ್ಚೇ ಹೊರತು ಕಡಿಮೆಯಾಗದು.

ಇಷ್ಟಾದರೂ ನಗರದ ಅಂಚಿನ ಬಡಾವಣೆಗಳು ಕೊಳವೆಬಾವಿಯನ್ನೂ ಟ್ಯಾಂಕರನ್ನೂ ನಂಬಿಯೇ ಬದುಕಿದವು. 2024ರ ಬೇಸಿಗೆಯಲ್ಲಿ ಸುಮಾರು 13,900 ಸರ್ಕಾರಿ ಕೊಳವೆಬಾವಿಗಳ ಪೈಕಿ 6,900ರಷ್ಟು ಬತ್ತಿವೆಯೆಂದು ಸರ್ಕಾರವೇ ಹೇಳಿತು. ತರುಣನ ಪಿ.ಜಿ.ಯಲ್ಲಿ ಬಕೆಟ್ಟಿಗೆ ಮಿತಿ ಬಂದದ್ದು ಆ ಬೇಸಿಗೆಯಲ್ಲೇ.

ಈಗ ಇನ್ನೊಂದು ಲೆಕ್ಕ. ಬೆಂಗಳೂರಿನಲ್ಲಿ ವರ್ಷಕ್ಕೆ 900 ಮಿ.ಮೀ.ಗೆ ಮೇಲ್ಪಟ್ಟು ಮಳೆಯಾಗುತ್ತದೆ. ನಗರದ ವಿಸ್ತಾರವನ್ನು 700 ಚದರ ಕಿ.ಮೀ. ಎಂದಿಟ್ಟುಕೊಂಡರೆ ಅದರ ಮೇಲೆ ಬೀಳುವ ನೀರು ಸುಮಾರು 22 ಟಿ.ಎಂ.ಸಿ. ಕಾವೇರಿ ಯೋಜನೆಯ ಪೂರ್ಣ ಸಾಮರ್ಥ್ಯದ ವಾರ್ಷಿಕ ಮೊತ್ತ ಸುಮಾರು 28 ಟಿ.ಎಂ.ಸಿ. ಬಿದ್ದ ಮಳೆಯನ್ನೆಲ್ಲ ಹಿಡಿಯಲಾಗದು, ನಿಜ. ಆದರೆ 30×40 ಅಡಿಯ ಒಂದು ಚಾವಣಿಯಿಂದ, ಐದರಲ್ಲಿ ಒಂದು ಪಾಲು ನಷ್ಟವಾದರೂ, ವರ್ಷಕ್ಕೆ 80,000 ಲೀಟರ್ ದೊರೆಯುತ್ತದೆ. ತಲೆಗೆ ದಿನಕ್ಕೆ 135 ಲೀಟರಿನಂತೆ ನಾಲ್ವರ ಕುಟುಂಬಕ್ಕೆ ಸುಮಾರು ಐದು ತಿಂಗಳ ನೀರು ಅದು. ನಿಗದಿತ ಅಳತೆಗಿಂತ ದೊಡ್ಡ ನಿವೇಶನಗಳಲ್ಲಿ ಮಳೆನೀರು ಸಂಗ್ರಹವನ್ನು ಕಡ್ಡಾಯಗೊಳಿಸುವ ಕಾನೂನು 2009ರಲ್ಲೇ ಬಂದಿದೆ. ಆದರೂ ನಗರದ ಕಣ್ಣು ತನ್ನ ಚಾವಣಿಯತ್ತ ಹೊರಳುವ ಮೊದಲು ದೂರದ ಬೆಟ್ಟದತ್ತಲೇ ಹೊರಳಿತು.

ಒಂದು ಮನೆಯ ಮೂರು ತಲೆಮಾರು

2019ರಲ್ಲಿ ಲಿಂಗನಮಕ್ಕಿಯಿಂದ ಸುಮಾರು 400 ಕಿ.ಮೀ. ದೂರದ ಬೆಂಗಳೂರಿಗೆ ಶರಾವತಿಯ ನೀರನ್ನು ಒಯ್ಯುವ ಪ್ರಸ್ತಾವ ಮುಂದೆ ಬಂತು. ಮೊದಲು 20, ಆಮೇಲೆ 30, ಆಮೇಲೆ 100, ಈಗ 400 ಕಿ.ಮೀ. ಪ್ರಸ್ತಾವವನ್ನು ವಿರೋಧಿಸಿ ಆ ವರ್ಷದ ಜುಲೈ 10ರಂದು ಶಿವಮೊಗ್ಗ ಜಿಲ್ಲೆ ಬಂದ್ ಆಯಿತು. ತರುಣನ ತಂದೆಯಂಥವರು ತೋಟದ ಕೆಲಸ ಬಿಟ್ಟು, ಕಂಬಳಿಕೊಪ್ಪೆ ಮಡಚಿಟ್ಟು ಸಾಗರದ ಬೀದಿಗೆ ಬಂದರು. ಆ ರಾತ್ರಿ ಅಂಥ ಎಷ್ಟೋ ಮನೆಗಳಿಗೂ ಬೆಂಗಳೂರಿಗೂ ನಡುವೆ ದೂರವಾಣಿಯಲ್ಲಿ ಇಂಥ ಮಾತು ನಡೆದಿರಬೇಕು.

“ಅಪ್ಪಯ್ಯ, ಇಲ್ಲಿರುವವರೂ ಮನುಷ್ಯರೇ. ಇವತ್ತು ಟ್ಯಾಂಕರ್ ಬರಲಿಲ್ಲ, ಮುಖ ತೊಳೆಯದೆ ಕೆಲಸಕ್ಕೆ ಹೋದೆ.”

“ತಮಾ, ನೀನು ಬಾಯಾರಿ ಇರಲಿ ಎಂದು ನಾನು ಬೀದಿಗೆ ಬಂದವನಲ್ಲ. ಆದರೆ ನಿನ್ನ ಅಜ್ಜ ಒಮ್ಮೆ ಕೊಟ್ಟಾಗಿದೆ.”

ಅಜ್ಜ ಕೊಟ್ಟದ್ದೇನು? 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡಾಗ ಶರಾವತಿ ಕಣಿವೆಯ ಮನೆ, ಗದ್ದೆ, ತೋಟ, ದೇವಸ್ಥಾನಗಳು ನೀರಿನಡಿ ಸೇರಿದವು. ಅಲ್ಲಿಂದ ಎಬ್ಬಿಸಲ್ಪಟ್ಟವರಲ್ಲಿ ಅನೇಕರು ತಾವು ನೆಲೆನಿಂತ ಭೂಮಿಯ ಹಕ್ಕುಪತ್ರಕ್ಕಾಗಿ ದಶಕಗಳ ಕಾಲ ಕಚೇರಿಯಿಂದ ಕಚೇರಿಗೆ ಅಲೆದರು. ಶರಾವತಿಯ 1,035 ಮೆಗಾವಾಟ್ ಸಾಮರ್ಥ್ಯದ ವಿದ್ಯುದಾಗಾರ ನಾಡಿನ ಕಾರ್ಖಾನೆಗಳನ್ನು ನಡೆಸಿತು, ನಗರಗಳನ್ನು ಬೆಳಗಿತು. ಹಿನ್ನೀರಿನಾಚೆಯ ಹಳ್ಳಿಗಳವರು ಮಾತ್ರ ಲಾಂಚಿಗಾಗಿ ದಡದಲ್ಲಿ ಕಾದರು. ಬಸುರಿಯರೂ ಕಾದರು, ರೋಗಿಗಳೂ ಕಾದರು. ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಸಂಚಾರಕ್ಕೆ ತೆರೆದದ್ದು 2025ರ ಜುಲೈನಲ್ಲಿ. ವಿದ್ಯುತ್ತು ಹೊರಟ ಅರವತ್ತು ವರ್ಷಗಳ ನಂತರ ಸೇತುವೆ ಬಂತು.

ಅಜ್ಜ ವಿದ್ಯುತ್ತಿಗಾಗಿ ಮನೆ ಕೊಟ್ಟ. ತಂದೆಯನ್ನು ಈಗ ನೀರು ಕೇಳುತ್ತಿದ್ದಾರೆ. ಮೊಮ್ಮಗ ಆ ವಿದ್ಯುತ್ತು ಬೆಳಗುವ, ಆ ನೀರು ಬೇಡುವ ನಗರದಲ್ಲಿದ್ದಾನೆ. ಒಂದೇ ಮನೆಯ ಮೂರು ತಲೆಮಾರು ಕೊಳವೆಯ ಎರಡು ತುದಿಗಳಲ್ಲಿ ಹಂಚಿಹೋಗಿವೆ. ಇದನ್ನು ‘ನಗರ ವಿರುದ್ಧ ಹಳ್ಳಿ’ ಎಂಬ ಜಗಳವಾಗಿ ಚಿತ್ರಿಸುವವರು ಈ ಮನೆಯನ್ನು ನೋಡಿಲ್ಲ.

ಕೊಳವೆಗೆ ಹೊರದಾರಿಯೂ ಒಂದಿದೆ. ನಗರದ ಕಸ ವರ್ಷಗಟ್ಟಲೆ ಮಾವಳ್ಳಿಪುರ, ಮಂಡೂರಿನಂಥ ಹಳ್ಳಿಗಳ ಪಕ್ಕದಲ್ಲಿ ಬೆಟ್ಟವಾಗಿ ಬಿತ್ತು. ನೊಣ, ದುರ್ನಾತ, ಕೆಟ್ಟ ಬಾವಿನೀರುಗಳಿಂದ ಬೇಸತ್ತು ಜನ ಹೋರಾಡಿದ ಮೇಲೆ 2012ರಲ್ಲಿ ಮಾವಳ್ಳಿಪುರಕ್ಕೂ 2014ರ ಕೊನೆಗೆ ಮಂಡೂರಿಗೂ ಲಾರಿಗಳು ನಿಂತವು. ನೀರು ಒಂದು ಹಳ್ಳಿಯಿಂದ, ಕಸ ಇನ್ನೊಂದು ಹಳ್ಳಿಗೆ.

ಬೆಟ್ಟದ ತಪ್ಪೂ ಇದೆ

ಹಾಗೆಂದು ಮಲೆನಾಡು ತಪ್ಪಿಲ್ಲದ ನಾಡೇನಲ್ಲ. ತೋಟಕ್ಕೆ ಗೊಬ್ಬರ, ಹೊದಿಕೆ ಕೊಡಬೇಕಾದ ಸೊಪ್ಪಿನ ಬೆಟ್ಟಗಳು ಎಷ್ಟೋ ಕಡೆ ಬೋಳಾಗಿವೆ. ಭತ್ತದ ಗದ್ದೆ ಹೊಂಡ ತೆಗೆಸಿಕೊಂಡು ಅಡಿಕೆ ತೋಟವಾಗಿದೆ. ತಿಂಗಳುಗಟ್ಟಲೆ ನೀರು ನಿಲ್ಲುತ್ತಿದ್ದ ಗದ್ದೆ ಅಂತರ್ಜಲಕ್ಕೆ ಇಂಗುಬಟ್ಟಲಾಗಿತ್ತು. ತೋಟವಾದ ಮೇಲೆ ಅದೇ ಭೂಮಿ ಬೇಸಿಗೆಯಲ್ಲಿ ನೀರು ಬೇಡುತ್ತದೆ. ಕಣಿವೆಯ ತಲೆಯಲ್ಲಿ ಕೊಳವೆಬಾವಿ ಕೊರೆದರೆ ಕೆಳಗಿನ ಅಬ್ಬಿ ಬಡವಾಗುತ್ತದೆ. ಮಾರ್ಚ್ ತಿಂಗಳಲ್ಲಿ ಮಲೆನಾಡಿನ ಹಳ್ಳಿಗಳಿಗೂ ಟ್ಯಾಂಕರ್ ಬರುವುದನ್ನು ಜನ ಕಂಡಿದ್ದಾರೆ. ಶರಾವತಿಯನ್ನು ಉಳಿಸಿ ಎಂದು ಕೂಗಿದವನು ತನ್ನ ಹಿತ್ತಲಿನ ಹಳ್ಳವನ್ನು ಮರೆತರೆ ಆ ಕೂಗಿಗೆ ಬಲವಿರದು.

ತರುಣ ಊರು ಬಿಟ್ಟ ಕಾರಣಗಳೂ ಊರಿನಲ್ಲೇ ಇವೆ. ಒಂದೇ ಬೆಳೆಯ ಮೇಲೆ ನಿಂತ ಬದುಕು ಎಲೆಚುಕ್ಕಿ ರೋಗಕ್ಕೋ ಧಾರಣೆಯ ಕುಸಿತಕ್ಕೋ ನಡುಗುತ್ತದೆ. ಮಳೆಯ ನಡುವೆ ಬೋರ್ಡೋ ದ್ರಾವಣ ಸಿಂಪಡಿಸಲು ಮರ ಏರುವ ಕೊನೆಗಾರ ಸಿಗುವುದಿಲ್ಲ. ಕೃಷಿ ಮಾಡುವ ಹುಡುಗನಿಗೆ ಹೆಣ್ಣು ಕೊಡಲು ಕೃಷಿಕರೇ ಹಿಂಜರಿಯುತ್ತಾರೆ. ‘ಓದದಿದ್ದರೆ ತೋಟದಲ್ಲಿ ಸಾಯಬೇಕಾದೀತು’ ಎಂದು ಮಗುವನ್ನು ಹೆದರಿಸಿ ಓದಿಸಿದ ತಂದೆಯೇ ಮುಂದೆ ಮಗ ಊರಿಗೆ ಬರಲಿಲ್ಲವೆಂದು ಕೊರಗುತ್ತಾನೆ.

2020ರ ಮಾರ್ಚ್‌ನಲ್ಲಿ ಕೊರೊನಾ ಲಾಕ್‌ಡೌನ್ ಘೋಷಣೆಯಾದ ಬಳಿಕ ಇಂಥ ಸಾವಿರಾರು ತರುಣ-ತರುಣಿಯರು ಊರಿಗೆ ಮರಳಿದರು. ಗುಡ್ಡದ ತುದಿಯಲ್ಲಿ ಪ್ಲಾಸ್ಟಿಕ್ ಹೊದಿಕೆಯ ಗುಡಿಸಲು ಹಾಕಿ, ಮೊಬೈಲ್ ಸಿಗ್ನಲ್ ಹಿಡಿದು ಕಂಪನಿಯ ಕೆಲಸ ಮಾಡಿದರು. ಸಂಜೆ ಹಾಲು ಕರೆದರು, ತೋಟಕ್ಕೆ ಇಳಿದರು. ಮನೆಯ ಹಿರಿಯರ ಮುಖದಲ್ಲಿ ಗೆಲುವಿತ್ತು. ಕಚೇರಿಗಳು ಬಾಗಿಲು ತೆರೆದ ಮೇಲೆ ಹೆಚ್ಚಿನವರು ಮತ್ತೆ ರಾತ್ರಿಯ ಬಸ್ಸು ಹತ್ತಿದರು. ಕೆಲವರು ಉಳಿದರು. ನೆಟ್ಟಗೆ ಒಂದು ಅಂತರ್ಜಾಲ ಸಂಪರ್ಕ, ಹತ್ತಿರದಲ್ಲೊಂದು ಆಸ್ಪತ್ರೆ, ತಾಲ್ಲೂಕಿನಲ್ಲಿ ನಾಲ್ಕು ಉದ್ಯೋಗ ಇದ್ದರೆ ಇನ್ನಷ್ಟು ಮಂದಿ ಉಳಿಯುತ್ತಿದ್ದರು. ನಗರದ ಒತ್ತಡವನ್ನು ಇಳಿಸಲು 400 ಕಿ.ಮೀ. ಕೊಳವೆಗಿಂತ ಇದು ಅಗ್ಗದ ದಾರಿ.

ಮಾಡಬೇಕಾದದ್ದು

ನಗರದಲ್ಲಿ ಹೊಸಬನಿಗಾಗುವ ಕಿರಿಕಿರಿಯನ್ನು ಹಳಬರು ನಗುತ್ತ ತಳ್ಳಿಹಾಕುವುದುಂಟು: ‘ಎರಡು ವರ್ಷ ಕಳೆಯಲಿ, ಅಭ್ಯಾಸವಾಗುತ್ತದೆ.’ ಅಭ್ಯಾಸವಾಗುವುದೇ ಅಪಾಯ. ಟ್ಯಾಂಕರ್ ನೀರು, ಬತ್ತಿದ ಕೆರೆ, ಹೊಗೆ, ಹೆಸರು ತಿಳಿಯದ ನೆರೆಮನೆ ಇವೆಲ್ಲ ಸಹಜವೆಂದು ಹಳಬನಿಗೆ ಕಾಣುತ್ತದೆ. ಇದು ಹೀಗಿರಬೇಕಾಗಿಲ್ಲ ಎಂದು ಬಲ್ಲವನು ಹೊಸಬ, ಏಕೆಂದರೆ ಹರಿಯುವ ನೀರನ್ನು ಅವನು ನಿನ್ನೆಯಷ್ಟೇ ಕಂಡಿದ್ದಾನೆ. ಕೊಳವೆಯ ಎರಡೂ ತುದಿಗಳನ್ನು ಕಣ್ಣಾರೆ ಕಂಡವನು ಅವನೊಬ್ಬನೇ. ಅವನ ಬೇಸರ ಒಂದು ತಿಳಿವಳಿಕೆ. ಅದು ಆರಿಹೋಗುವ ಮೊದಲು ಕೆಲಸಕ್ಕೆ ಬರಬೇಕು.

ಆದ್ದರಿಂದ ಊರು ಬಿಡಲಿರುವ ವಿದ್ಯಾರ್ಥಿಗಳು ಮೂರು ಕೆಲಸ ಮಾಡಬಹುದು. ಹೊರಡುವ ಮೊದಲು ತಮ್ಮ ಮನೆಯ ನೀರಿನ ಮೂಲದವರೆಗೆ ನಡೆದುಹೋಗಿ, ಬೇಸಿಗೆಯಲ್ಲಿ ಒಂದು ಕೊಡ ತುಂಬಲು ಎಷ್ಟು ನಿಮಿಷ ಹಿಡಿಯುತ್ತದೆಂದು ಬರೆದಿಡಬೇಕು. ಪ್ರತಿ ವರ್ಷ ರಜೆಗೆ ಬಂದಾಗ ಮತ್ತೆ ಅಳೆಯಬೇಕು. ನಿಮಿಷಗಳು ಹೆಚ್ಚುತ್ತಿದ್ದರೆ ಆ ಪುಸ್ತಕವನ್ನು ಗ್ರಾಮಸಭೆಯಲ್ಲಿ ಓದಬೇಕು. ನಗರ ಸೇರಿದ ಮೇಲೆ ತಾವಿರುವ ಕಟ್ಟಡದ ನೀರು ಎಲ್ಲಿಂದ ಬರುತ್ತದೆ, ಚಾವಣಿಯ ಮಳೆ ಎಲ್ಲಿಗೆ ಹೋಗುತ್ತದೆ, ಕಸದ ಲಾರಿ ಯಾವ ಹಳ್ಳಿಗೆ ತಿರುಗುತ್ತದೆ ಎಂದು ಮಾಲೀಕನನ್ನೂ ವಾರ್ಡಿನ ಸಭೆಯನ್ನೂ ಕೇಳಬೇಕು. ಊರಿನಲ್ಲಿ ಉಳಿದವರ ಕೆಲಸವೂ ಇದೆ. ಮಗ ಮರಳಿ ಬರುವೆನೆಂದಾಗ ‘ಸೋತು ಬಂದ’ ಎನ್ನದಿರುವುದು, ಅವನ ಹೊಸ ಬೆಳೆಗೆ ಅರ್ಧ ಎಕರೆ ಬಿಟ್ಟುಕೊಡುವುದು, ಸೊಪ್ಪಿನ ಬೆಟ್ಟದಲ್ಲಿ ಇಂಗುಗುಂಡಿ ತೋಡುವುದು.

ಆ ತರುಣ ಇಂದಿಗೂ ಮೂರನೆಯ ಮಹಡಿಯ ಕೋಣೆಯಲ್ಲೇ ಇದ್ದಾನೆ. ಸಹವಾಸಿಗಳು ಮುಖ ತೊಳೆಯುವಾಗ ನಲ್ಲಿ ಹರಿಯುತ್ತಲೇ ಇರುತ್ತದೆ. ಅವನು ಎದ್ದುಹೋಗಿ ನಿಲ್ಲಿಸಿ ಬರುತ್ತಾನೆ. ಇವನಿಗೇನು ಹುಚ್ಚೋ ಎಂದು ಅವರು ನಗುತ್ತಾರೆ. ಒಂದು ದಿನ ಅವರನ್ನೆಲ್ಲ ಊರಿಗೆ ಕರೆತಂದು ಹಿನ್ನೀರಿನ ದಡದಲ್ಲಿ ನಿಲ್ಲಿಸಿ, ಅಜ್ಜನ ಮನೆ ಇದ್ದದ್ದು ಎಲ್ಲೆಂದು ಅವನು ಬೆರಳು ಮಾಡಿ ತೋರಿಸಬೇಕು. ಆಮೇಲೆ ಅವರು ನಗಲಾರರು.